ತಲೆಯ ಮೇಲಿನ ತೆರೆ

(ಬಾನುಲಿ ಭಾಷಣ)

ಗುಂಡ್ಲುಪೇಟೆಯನ್ನು ಬಿಟ್ಟು ಊಟಿಯ ದಾರಿ ಹಿಡಿದವರಿಗೆ ಬಂಡೀಪುರದ ಕಾಡು ಆರಂಭವಾಗುವ ಮೊದಲು ಸಿಕ್ಕುವ ಊರು ಹಂಗಳ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ಹೊರಳುವುದು ಇಲ್ಲಿಯೇ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,454 ಮೀಟರು ಎತ್ತರದಲ್ಲಿದೆ. ಅಲ್ಲಿ ಮಂಜು, ತಣ್ಣನೆಯ ಗಾಳಿ. ಬುಡದ ಬಯಲಿನ ಕಥೆಯೇ ಬೇರೆ. ಅಲ್ಲಿ ಬಿಸಿಲೇ ಒಡೆಯ.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಈ ಬಯಲಿನ ಹೊಲಗಳಲ್ಲಿ ಸೂರ್ಯಕಾಂತಿಯೂ ಚೆಂಡುಹೂವೂ ಅರಳಿ ನಿಲ್ಲುತ್ತವೆ. ಬೆಂಗಳೂರು, ಮೈಸೂರುಗಳಿಂದ ಊಟಿಗೆ ಹೊರಟವರು, ವಯನಾಡಿನಿಂದ ಬಂದವರು, ಎಲ್ಲರೂ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುತ್ತಾರೆ. ಈಚಿನ ವರ್ಷಗಳಲ್ಲಿ ಇದಕ್ಕೊಂದು ಹೊಸ ಭಂಗಿ ಸೇರಿದೆ. ಕಾರಿನ ಚಾವಣಿಯ ಗಾಜು ಹಿಂದಕ್ಕೆ ಸರಿಯುತ್ತದೆ. ಆ ಕಂಡಿಯಿಂದ ಮಕ್ಕಳ ತಲೆ, ಭುಜ ಮೇಲೇಳುತ್ತವೆ. ಕಾರು ಹೂವಿನ ಹೊಲಗಳ ನಡುವಿನ ಮಣ್ಣುದಾರಿಯಲ್ಲಿ ಮೆಲ್ಲನೆ ಸಾಗುತ್ತದೆ. ನೋಡುವುದಕ್ಕೆ ಚೆನ್ನ. ಆದರೆ ಜಗ್ಗಿ ನಿಲ್ಲಿಸಿದರೆ ಆ ಮಕ್ಕಳ ಗತಿ ಏನು ಎಂಬ ಯೋಚನೆ ನನಗೆ ಪ್ರತಿ ಸಲವೂ ಬರುತ್ತದೆ. ಇರಲಿ, ಇಂದು ನನ್ನ ವಿಷಯ ಅದಲ್ಲ. ಆ ಗಾಜಿನ ಕೆಳಗೆ ಇರುವ, ಯಾರೂ ಚಿತ್ರ ತೆಗೆಯದ ಒಂದು ಬಟ್ಟೆಯ ವಿಷಯ.

ಗಾಜಿನ ಚಾವಣಿಯ ಕಾರುಗಳು ಮೊದಲು ಸಿರಿವಂತರ ಮನೆಗಳಲ್ಲಿ ಮಾತ್ರ ಇದ್ದವು. 2019, 2020ರಿಂದ ಈಚೆಗೆ ಮಧ್ಯಮ ವರ್ಗದವರು ಕೊಳ್ಳುವ ಕಾರುಗಳಿಗೂ ಅವು ಬಂದವು. ಚಾವಣಿಯ ಬಹುಭಾಗ ಗಾಜು. ಅದರ ಕೆಳಗೆ ಒಂದು ಬಟ್ಟೆಯ ತೆರೆ. ಗುಂಡಿ ಒತ್ತಿದರೆ ಮೋಟಾರು ತಿರುಗಿ ತೆರೆ ಹಿಂದಕ್ಕೆ ಸುರುಳಿಯಾಗುತ್ತದೆ. ಇನ್ನೊಮ್ಮೆ ಒತ್ತಿದರೆ ಮುಂದಕ್ಕೆ ಹರಡಿಕೊಳ್ಳುತ್ತದೆ. ‘ತೆರೆ’ ಎಂಬ ನಮ್ಮ ಮಾತು ಇಲ್ಲಿ ಸೊಗಸಾಗಿ ಕೂಡುತ್ತದೆ. ಮರೆಮಾಡುವ ವಸ್ತುವಿಗೂ ಅದೇ ಹೆಸರು, ಮರೆಯನ್ನು ತೆಗೆ ಎಂಬ ಆಜ್ಞೆಗೂ ಅದೇ ಶಬ್ದ.

ಈ ಗಾಜಿನ ಚಾವಣಿ ಯಾವ ದೇಶದ ಹಂಬಲ ಎಂಬುದನ್ನು ಸ್ವಲ್ಪ ಯೋಚಿಸಬೇಕು. ಜರ್ಮನಿಯ ಫ್ರಾಂಕ್‌ಫರ್ಟ್ ನಗರ 50ನೆಯ ಅಕ್ಷಾಂಶದಲ್ಲಿದೆ. ಡಿಸೆಂಬರಿನ ನಡುಮಧ್ಯಾಹ್ನದಲ್ಲಿ ಅಲ್ಲಿ ಸೂರ್ಯ ದಿಗಂತದಿಂದ ಏರುವುದು ಹದಿನೇಳು ಡಿಗ್ರಿಯಷ್ಟು ಮಾತ್ರ. ಬೇಸಿಗೆಯ ಅತಿ ದೀರ್ಘ ದಿನದಲ್ಲಿಯೂ ಅವನು ನೆತ್ತಿಗೆ ಬರುವುದಿಲ್ಲ. ಅಂಥ ಕಡೆ ಬೆಳಕಿಗೆ ಹಾತೊರೆದು ತಲೆಯ ಮೇಲೆ ಗಾಜು ಹೊದಿಸಿಕೊಂಡರೆ ಅದು ಸಹಜ. ಹಂಗಳದ ಅಕ್ಷಾಂಶ ಹನ್ನೆರಡು ಡಿಗ್ರಿಗೂ ತುಸು ಕಡಿಮೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮೂರನೆಯ ವಾರ ಕಳೆಯುವ ಹೊತ್ತಿಗೆ ಒಮ್ಮೆ, ಆಗಸ್ಟ್ ಮೂರನೆಯ ವಾರ ಕಳೆಯುವ ಹೊತ್ತಿಗೆ ಇನ್ನೊಮ್ಮೆ, ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಗಡಿಯಾರದಲ್ಲಿ ಹನ್ನೆರಡೂಕಾಲು ದಾಟಿರುತ್ತದೆ, ಹನ್ನೆರಡೂವರೆ ಆಗಿರುವುದಿಲ್ಲ. ಆಗ ಅಂಗಳದಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಮೋಡವಿಲ್ಲದ ಅಂಥ ಮಧ್ಯಾಹ್ನದಲ್ಲಿ ಒಂದು ಚದರ ಮೀಟರು ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1,000 ವ್ಯಾಟ್. ಎಂದರೆ, ಕಾದ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ಚಾವಣಿಯ ಬಣ್ಣದ ಗಾಜು ಅದರ ದೊಡ್ಡ ಪಾಲನ್ನು ತಡೆಯುತ್ತದೆ ಎಂದುಕೊಂಡರೂ ಉಳಿದದ್ದು ಬೀಳುವುದು ನೇರವಾಗಿ ತಲೆಯ ಮೇಲೆ. ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಈ ನಾಡಿನಲ್ಲಿ ಆ ಕಾರಿನ ನಿಜವಾದ ಚಾವಣಿ ಗಾಜಲ್ಲ, ಬಟ್ಟೆ. ತೆರೆ ಸಿಕ್ಕಿಕೊಂಡಿತೆಂದರೆ ಸೂರು ಹಾರಿಹೋದಂತೆಯೇ.

ನಮ್ಮ ಹಿರಿಯರ ಕಮಾನುಗಾಡಿಯನ್ನು ಕಂಡವರು ಇನ್ನೂ ಇದ್ದೀರಿ. ಬಿದಿರಿನ ದಬ್ಬೆಗಳನ್ನು ಬಾಗಿಸಿ ಕಟ್ಟಿ, ಮೇಲೆ ಚಾಪೆ ಹೊದಿಸಿದರೆ ಮುಗಿಯಿತು. ಚಾಪೆ ಹರಿದರೆ ಸಂತೆಯಲ್ಲಿ ಇನ್ನೊಂದು; ದಬ್ಬೆ ಮುರಿದರೆ ಹಿತ್ತಲಲ್ಲಿ ಇನ್ನೊಂದು. ಆ ನೆರಳಿನ ಯಂತ್ರದಲ್ಲಿ ಮನೆಯ ಆಳಿಗೆ ತಿಳಿಯದ ಭಾಗ ಒಂದೂ ಇರಲಿಲ್ಲ. ಹಾಗೆಂದು ಎತ್ತಿನ ಗಾಡಿಯೇ ಮೇಲೆಂದು ನಾನು ಹೇಳಹೊರಟಿಲ್ಲ. ಮೈಸೂರಿನಿಂದ ಗೂಡಲೂರಿಗೆ ಅದರಲ್ಲಿ ಹೋಗಿರೆಂದರೆ ನಾನೇ ಒಪ್ಪುವವನಲ್ಲ.

ಗೂಡಲೂರಿನ ಮಾತೇಕೆ ಬಂತೆಂದರೆ, ನನ್ನ ತಂಗಿಯ ಮಗಳು ಇರುವುದು ಅಲ್ಲಿ. ನೀಲಗಿರಿಯ ಮಗ್ಗುಲಿನ ಆ ಊರಿಗೆ ಮೈಸೂರಿನಿಂದ ಹೋಗಲು ಹಂಗಳವನ್ನೂ ಬಂಡೀಪುರವನ್ನೂ ಹಾದೇ ಹೋಗಬೇಕು. ಕೆಲವು ವರ್ಷಗಳ ಹಿಂದೆ ಒಂದು ಆಗಸ್ಟ್ ತಿಂಗಳಲ್ಲಿ ತಂಗಿ, ಅವಳ ಮಗ, ನಾನು ಅವನ ಕಾರಿನಲ್ಲಿ ಹೊರಟಿದ್ದೆವು. ತಂಗಿಗೆ ಲೂಪಸ್ ಎಂಬ ವ್ಯಾಧಿಯಿದೆ. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಅದು ಅಂಟುವ ರೋಗವಲ್ಲ, ಔಷಧಿಯಿಂದ ಹದ್ದಿನಲ್ಲಿಡಬಹುದು. ಆದರೆ ಈ ರೋಗಿಗಳಲ್ಲಿ ಬಹುಮಂದಿಗೆ ಬಿಸಿಲು ಆಗದು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಚರ್ಮಕ್ಕೆ ತಾಕಿದರೆ ಮುಖ, ತೋಳುಗಳ ಮೇಲೆ ಕೆಂಪು ದದ್ದು ಏಳುತ್ತದೆ. ಕೆಲವರಿಗೆ ಕೀಲುನೋವೂ ಜ್ವರವೂ ಮರುಕಳಿಸುತ್ತವೆ. ಅವಳು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು. ನಿವೃತ್ತಿಯಾದ ಮೇಲೆ ದಿನಕ್ಕೆರಡು ಹೊತ್ತು, ಬೆಳಗಿನ ಏಳರ ಮುಂಚೆ, ಸಂಜೆಯ ಆರರ ಮೇಲೆ ಮಾತ್ರ ಅಂಗಳ ಕಾಣುವವಳು.

ಕಾರಿನ ಗಾಜು ಅವಳನ್ನು ಕಾಯುವುದಿಲ್ಲವೇ ಎಂದು ಕೇಳಬಹುದು. ಒಂದು ಮಟ್ಟಿಗೆ ಕಾಯುತ್ತದೆ. ಎದುರಿನ ದೊಡ್ಡ ಗಾಜು ನಿಜವಾಗಿ ಎರಡು ಗಾಜುಗಳ ನಡುವೆ ಒಂದು ಪ್ಲಾಸ್ಟಿಕ್ ಹಾಳೆಯನ್ನಿಟ್ಟು ಬೆಸೆದದ್ದು. ಆ ಹಾಳೆ ಅತಿನೇರಳೆ ಕಿರಣವನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಆದರೆ ಪಕ್ಕದ ಕಿಟಕಿಗಳದು ಸಾಮಾನ್ಯವಾಗಿ ಕಾಯಿಸಿ ಗಟ್ಟಿಮಾಡಿದ ಒಂಟಿ ಗಾಜು. ಅತಿನೇರಳೆ ಕಿರಣದ ಒಂದು ಬಗೆಯನ್ನು ಅದು ತಡೆಯುತ್ತದೆ, ಇನ್ನೊಂದು ಬಗೆಯಲ್ಲಿ ಗಣನೀಯ ಭಾಗವನ್ನು ಒಳಕ್ಕೆ ಬಿಡುತ್ತದೆ. ಕಪ್ಪು ಹಾಳೆ ಅಂಟಿಸೋಣವೆಂದರೆ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಮುಂದೆ ನಿಯಮಕ್ಕೆ ತಿದ್ದುಪಡಿ ಬಂದು, ಎದುರು ಹಿಂದಿನ ಗಾಜುಗಳಲ್ಲಿ ಶೇಕಡ 70, ಪಕ್ಕದ ಗಾಜುಗಳಲ್ಲಿ ಶೇಕಡ 50 ಬೆಳಕು ಹಾಯುವಷ್ಟು ತಿಳಿಯಾದ ಹಾಳೆಗೆ ಅಡ್ಡಿಯಿಲ್ಲವೆಂದು 2024ರಲ್ಲಿ ಕೇರಳದ ಹೈಕೋರ್ಟು ಹೇಳಿತು. ನಾವು ಹೊರಟ ದಿನ ಅವಳ ಪಕ್ಕದ ಕಿಟಕಿಗೆ ಒಂದು ದಪ್ಪ ಟವಲು, ಕೈಗೆ ತುಂಬುತೋಳಿನ ರವಿಕೆ, ತಲೆಯ ಮೇಲೆ ಕಾರಿನ ಆ ತೆರೆ. ಇವೇ ಅವಳ ರಕ್ಷೆ.

ಹಿಂದಿನ ವಾರ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದ್ದರು. ಅದರ ಮರುದಿನವೇ ಹುಡುಗನ ಮಿತ್ರರ ಮಕ್ಕಳು ಅದೇ ಕಾರಿನಲ್ಲಿ ಹೂವಿನ ಹೊಲಗಳನ್ನು ಸುತ್ತಿ ಬಂದಿದ್ದರು. ಈ ಎರಡು ಸಂಗತಿಗಳನ್ನು ಕೇಳುಗರು ನೆನಪಿನಲ್ಲಿಟ್ಟಿರಬೇಕು. ಗುಂಡ್ಲುಪೇಟೆಯಲ್ಲಿ ಕಾಫಿಗೆ ನಿಂತಾಗ, ಕಾದ ಗಾಳಿ ಹೊರಹೋಗಲೆಂದು ಹುಡುಗ ತೆರೆಯನ್ನೂ ಗಾಜನ್ನೂ ತೆರೆದ. ಗಾಜು ಮರಳಿ ಮುಚ್ಚಿಕೊಂಡಿತು. ತೆರೆ ಮುಚ್ಚಲಿಲ್ಲ. ಒಂದು ಗೇಣು ಮುಂದೆ ಬರುತ್ತದೆ, ‘ಉಂ’ ಎನ್ನುತ್ತದೆ, ಹಿಂದಕ್ಕೆ ಹೋಗುತ್ತದೆ. ಮತ್ತೆ ಒತ್ತಿದರೆ ಮತ್ತೆ ಅದೇ. ಹಂಗಳ ತಲಪುವ ಹೊತ್ತಿಗೆ ಅಷ್ಟೂ ಇಲ್ಲ. ಹಿಂದೆ ಸರಿದು, ಒಂದು ಪಕ್ಕಕ್ಕೆ ಓರೆಯಾಗಿ ನಿಂತುಬಿಟ್ಟಿತು. ಆಗ ಹನ್ನೆರಡು ಗಂಟೆ. ಮಳೆ ಬಿಟ್ಟ ಬಿಸಿಲು. ಅದರ ಚುರುಕು ಬಲ್ಲವರೇ ಬಲ್ಲರು.

ಕಾರು ಕೊಂಡ ಸಂಸ್ಥೆಯ ಸೇವಾಕೇಂದ್ರಕ್ಕೆ ಹುಡುಗ ದೂರವಾಣಿ ಮಾಡಿದ. ಉತ್ತರ ಬೇಗನೆ ಬಂತು: ತೆರೆಯನ್ನು ಬಿಚ್ಚಿ ರಿಪೇರಿ ಮಾಡುವ ಪದ್ಧತಿಯಿಲ್ಲ, ತೆರೆ, ಹಳಿ, ಮೋಟಾರು ಎಲ್ಲ ಸೇರಿದ ಇಡೀ ಚೌಕಟ್ಟನ್ನು ಬದಲಿಸಬೇಕು, 80,000 ರೂಪಾಯಿಯ ಮೇಲಾಗುತ್ತದೆ, ಸರಕು ಬರಲು ಮೂರು ವಾರ. ಹಿಂದಕ್ಕೆ ಮೈಸೂರು ಎಪ್ಪತ್ತು ಕಿಲೋಮೀಟರಿನ ಸುಮಾರು. ಮುಂದೆ ಕಾಡು, ಘಟ್ಟ. ಎತ್ತ ಹೋದರೂ ಮೇಲಿರುವವನು ಒಬ್ಬನೇ ಸೂರ್ಯ. ಸಂಜೆಯವರೆಗೆ ಕಾದು ಹೊರಡೋಣವೆಂದರೆ ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಸಂಚಾರಕ್ಕೆ ನಿರ್ಬಂಧವಿದೆ. ಆ ನಿರ್ಬಂಧ ಸರಿಯಾದದ್ದೇ; ರಾತ್ರಿಯ ಕಾಡು ಆನೆ, ಜಿಂಕೆಗಳದು. ಮುಸ್ಸಂಜೆಯಲ್ಲಿ ಆ ದಾರಿ ಹಿಡಿಯುವುದು ನಮಗೆ ಬೇಡವಾಗಿತ್ತು.

ತಂಗಿ ಮಾತಾಡಲಿಲ್ಲ. ಪೆಟ್ಟಿಗೆಯಿಂದ ಒಂದು ಹತ್ತಿಯ ಸೀರೆಯನ್ನು ತೆಗೆದಳು. ಬಾಗಿಲುಗಳ ಮೇಲೆ ಕೈಹಿಡಿಯಲು ಇರುವ ನಾಲ್ಕು ಹಿಡಿಗಳಿಗೆ ಅದನ್ನು ನಾಲ್ಕು ಮಡಿಕೆಯಾಗಿ ಕಟ್ಟಿಸಿಕೊಂಡಳು. ಮದುವೆಯ ಹಸೆಯ ಮೇಲೆ ಕಟ್ಟುವ ಮೇಲ್ಕಟ್ಟಿನಂತೆ ಅದು ಕಾಣುತ್ತಿತ್ತು. ಆದರೆ ಓಡುವ ಕಾರಿನಲ್ಲಿ ಅದು ಚಾಲಕನ ಹಿಂಗನ್ನಡಿಯನ್ನು ಮರೆಮಾಡಿತು. ಹಾಗೆ ಘಟ್ಟ ಇಳಿಯುವಂತಿರಲಿಲ್ಲ.

ಹಂಗಳದಲ್ಲಿ ಒಂದು ಪಂಪುಸೆಟ್ಟು ರಿಪೇರಿಯ ಅಂಗಡಿ ಕಣ್ಣಿಗೆ ಬಿತ್ತು. ಬಾಗಿಲಲ್ಲಿ ಬಿಚ್ಚಿದ ಮೋಟಾರುಗಳು, ಒಂದು ಪವರ್ ಟಿಲ್ಲರು, ಎರಡು ಬೈಕು. ಮುಂದೊಂದು ಹುಣಿಸೆಯ ಮರ. ಕಾರನ್ನು ಅದರ ನೆರಳಿಗೆ ತಂದು ನಿಲ್ಲಿಸಿದೆವು. ಅಂಗಡಿಯವನಿಗೆ ನಲವತ್ತರ ಪ್ರಾಯ. ಅವನು ನಮ್ಮನ್ನು ಕೇಳಿದ ಮೊದಲ ಮಾತು ಕಾರು ಯಾವುದೆಂದಲ್ಲ. “ಒಂದ್ಸಲ ಒತ್ತಿ ಸಾ, ಸದ್ದು ಕೇಳವ” ಎಂದ. ಹುಡುಗ ಒತ್ತಿದ. ಅವನು ಕಣ್ಣು ಮುಚ್ಚಿ ಚಾವಣಿಗೆ ಅಂಗೈ ಹಚ್ಚಿದ್ದ. “ಇನ್ನೊಂದ್ಸಲ.” ಮತ್ತೆ ಒತ್ತಿದ. “ಮೋಟ್ರು ಕೆಟ್ಟಿಲ್ಲ ಕನ ಸಾ. ಕೆಟ್ಟಿದ್ರ ಮಾತೇ ಆಡ್ತಿರ್ಲಿಲ್ಲ. ಇದು ಹೆದರ್ಕಂಡು ಹಿಂದ್ಕ ಹೋಯ್ತಾ ಅದ” ಎಂದ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದವನು. ಆ ಯಂತ್ರದ ನಡತೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ನನಗೆ ಆಗುತ್ತಿರಲಿಲ್ಲ. ಇಂಥ ತೆರೆಗಳಲ್ಲಿ ಒಂದು ಎಚ್ಚರಿಕೆಯ ಏರ್ಪಾಡಿದೆ. ಮುಚ್ಚಿಕೊಳ್ಳುವಾಗ ಮಗುವಿನ ಬೆರಳೋ ಕೈಯೋ ಸಿಕ್ಕಿದರೆ ಮೋಟಾರಿಗೆ ತಡೆ ಹೆಚ್ಚುತ್ತದೆ. ಆ ಹೆಚ್ಚಳವನ್ನು ಗುರುತಿಸಿದೊಡನೆ ಅದು ತಾನಾಗಿ ಹಿಂದಕ್ಕೆ ತಿರುಗುತ್ತದೆ. ಪಾಪ, ತಡೆ ಬೆರಳಿನದೋ ಧೂಳಿನದೋ ಎಂದು ಅದಕ್ಕೆ ತಿಳಿಯದು. ಹೆದರಿದ ಯಂತ್ರದ ಗುಂಡಿಯನ್ನು ನಾವು ಸಿಟ್ಟಿನಿಂದ ಹತ್ತಾರು ಸಲ ಒತ್ತುತ್ತೇವೆ. ಮುರಿಯಬಾರದ್ದು ಮುರಿಯುವುದು ಆಗಲೇ.

ತೆರೆಯ ಒಳಗುಟ್ಟನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಾರಿನ ಹಿಂಭಾಗದಲ್ಲಿ, ಚಾವಣಿಯೊಳಗೆ, ಅಡ್ಡಲಾಗಿ ಒಂದು ಕೊಳವೆ. ಬಟ್ಟೆಯ ಒಂದಂಚು ಅದಕ್ಕೆ ಸುತ್ತಿದೆ. ಕೊಳವೆಯೊಳಗಿನ ಸ್ಪ್ರಿಂಗು ಬಟ್ಟೆಯನ್ನು ಸದಾ ತನ್ನ ಕಡೆಗೆ ಎಳೆಯುತ್ತಿರುತ್ತದೆ. ಬಟ್ಟೆ ಜೋಲುಬೀಳದಿರುವುದು ಅದರಿಂದ. ಬಟ್ಟೆಯ ಮುಂದಿನಂಚಿಗೆ ಒಂದು ಅಡ್ಡಪಟ್ಟಿ. ಪಟ್ಟಿಯ ಎರಡು ತುದಿಗೆ ಬೆರಳಿನ ಗೆಣ್ಣಿನಷ್ಟು ದೊಡ್ಡ ಎರಡು ಪ್ಲಾಸ್ಟಿಕ್ ಪಾದಗಳು. ಈ ಪಾದಗಳು ಎಡಬಲದ ಅಲ್ಯೂಮಿನಿಯಂ ಹಳಿಗಳಲ್ಲಿ ಜಾರುತ್ತವೆ. ಪಾದಗಳನ್ನು ಮುಂದಕ್ಕೆ ಹಿಂದಕ್ಕೆ ಒಯ್ಯುವುದು ಸುರುಳಿ ಸುತ್ತಿದ ಎರಡು ಬಾಗುವ ಸರಿಗೆಗಳು. ಆ ಸುರುಳಿಯ ಸುತ್ತುಗಳೇ ಹಲ್ಲುಗಳಂತೆ ಮೋಟಾರಿನ ಗಾಲಿಗೆ ಕಚ್ಚಿಕೊಂಡಿರುತ್ತವೆ. ಗಾಲಿ ಒಂದೇ; ಸರಿಗೆಗಳು ಎರಡು. ಆದ್ದರಿಂದ ಎರಡು ಪಾದಗಳೂ ಸಮನಾಗಿ ನಡೆಯಬೇಕು. ಯಾವುದೋ ಒಂದು ಕಡೆ ತಡೆ ವಿಪರೀತವಾಗಿ ಸರಿಗೆ ಒಂದೆರಡು ಹಲ್ಲು ಹಾರಿತೋ, ಪಟ್ಟಿ ಓರೆಯಾಯಿತು. ನೊಗದ ಎತ್ತುಗಳಲ್ಲಿ ಒಂದು ಮುಂದಾಗಿ ಒಂದು ಹಿಂದಾದರೆ ಗಾಡಿ ಏನಾಗುತ್ತದೆಯೋ ತೆರೆಯೂ ಹಾಗೆಯೇ ಆಗುತ್ತದೆ.

ಅವನು ಚಾವಣಿಯ ಗಾಜನ್ನು ತೆರೆಸಿದ. ಹಳಿಗಳು ಬಯಲಾದುವು. ಬೆರಳನ್ನು ಅದರಲ್ಲಿ ಎಳೆದು ನನಗೆ ತೋರಿಸಿದ. ಹಳೆಯ ಗ್ರೀಸು, ಕೆಂಪು ಮಣ್ಣು, ಎರಡೂ ಬೆರೆತು ಗಟ್ಟಿಯಾದ ಒಂದು ಕರಿಯ ಲೇಪ; ಉಜ್ಜಿದರೆ ಮರಳುಕಾಗದದಂತೆ ಒರಟು. ಅದರಲ್ಲಿ ಕಡಲೆಕಾಯಿಯ ಸಿಪ್ಪೆ, ಚೆಂಡುಹೂವಿನ ಒಣಗಿದ ಎಸಳು. ಹೂವಿನ ಹೊಲದ ಸವಾರಿಯ ಲೆಕ್ಕವೆಲ್ಲ ಅಲ್ಲಿ ಬರೆದಿಟ್ಟಂತಿತ್ತು. ಹುಡುಗ ಕಾರಿನಲ್ಲಿದ್ದ ಎಣ್ಣೆಯ ಡಬ್ಬಿಯನ್ನು ಕೊಡಹೋದ. “ಬ್ಯಾಡಿ ಸಾ, ಎಣ್ಣ ಬುಟ್ರ ನಾಳ್ಕ ಇನ್ನೊಂದಷ್ಟು ಧೂಳು ಬಂದು ಕೂತ್ಕತದ” ಎಂದು ಅದನ್ನು ಬದಿಗಿಟ್ಟ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿದ್ದಂತೆಯೇ ಹಳಿಯನ್ನು ಕೆರೆದ. ಸೈಕಲ್ಲಿನ ಕಡ್ಡಿಗೆ ಬಟ್ಟೆ ಸುತ್ತಿ ಮೂಲೆಗಳನ್ನು ಒರಸಿದ. ನಾಲ್ಕು ಮೂಲೆಗಳಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಕೇಳದೆಯೇ ಅವನ್ನೂ ಬಿಡಿಸಿದ. ಅವು ಕಟ್ಟಿಕೊಂಡರೆ ಮಳೆಯ ನೀರು ಕಾರಿನೊಳಕ್ಕೇ ಇಳಿಯುತ್ತದೆ. ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬಳಿಕ ಪಂಪುಗಳ ರಬ್ಬರ್ ಬಳೆಗಳಿಗೆ ಹಚ್ಚಲು ಇಟ್ಟುಕೊಂಡಿದ್ದ ಬಿಳಿಯ ಸಿಲಿಕೋನ್ ಗ್ರೀಸನ್ನು ಎರಡು ಹಳಿಗಳಿಗೂ ಬೆರಳಿನಿಂದ ತೆಳ್ಳಗೆ ಸವರಿದ. ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಕೇಡುಮಾಡದ, ಬಿಸಿಲಿಗೆ ಕರಗಿ ಇಳಿಯದ ಗ್ರೀಸು ಅದು. ಬಟ್ಟೆಗೆ ಒಂದು ಹನಿಯೂ ತಾಕದಂತೆ ನೋಡಿಕೊಂಡ.

ಮುಂದಿನದು ಓರೆಯನ್ನು ತಿದ್ದುವ ಕೆಲಸ. ಎದುರಿನ ಒಳದೀಪದ ಮುಚ್ಚಳವನ್ನು ಬಿಚ್ಚಿದ. ಅದರ ಹಿಂದೆ ಎರಡು ಮೋಟಾರುಗಳು, ಒಂದು ಗಾಜಿಗೆ, ಒಂದು ತೆರೆಗೆ. ಬ್ಯಾಟರಿಯ ತಂತಿ ತೆಗೆಸಿ, ಮೂರು ಸ್ಕ್ರೂ ಬಿಚ್ಚಿ, ತೆರೆಯ ಮೋಟಾರನ್ನು ಕೆಳಗಿಳಿಸಿದ. ಗಾಲಿಯ ಹಿಡಿತ ತಪ್ಪಿದ ಮೇಲೆ ಸರಿಗೆಗಳು ಸ್ವತಂತ್ರ. ಅಡ್ಡಪಟ್ಟಿಯ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಪೂರ್ತಿ ಹಿಂದಕ್ಕೆ ತಳ್ಳಿ, ಎರಡೂ ಪಾದಗಳು ಹಳಿಯ ಕೊನೆಗೆ ಒಟ್ಟಿಗೆ ತಾಗುವಂತೆ ನಿಲ್ಲಿಸಿದ. ಹಾಗೆಯೇ ಇರಿಸಿ ಮೋಟಾರನ್ನು ಮರಳಿ ಕೂಡಿಸಿದ. ಬ್ಯಾಟರಿ ಕೊಟ್ಟು ಗುಂಡಿ ಒತ್ತಿದರೆ ತೆರೆ ಎರಡು ಬೆರಳು ಸರಿದು ನಿಂತಿತು. ಮತ್ತೆ ಒತ್ತಿದರೆ ಮತ್ತೆ ಎರಡು ಬೆರಳು.

ಅವನು ತಲೆ ಕೆರೆದುಕೊಂಡ. “ಈಗ ಹೆದರ್ತಾ ಇಲ್ಲ. ತಾನೆಲ್ಲಿದ್ದೀನಿ ಅನ್ನದ ಮರ್ತುಬುಟ್ಟದ” ಎಂದ.

ಅದೂ ನಿಜ. ಮೋಟಾರಿಗೆ ಕಣ್ಣಿಲ್ಲ. ತಾನು ಎಷ್ಟು ಸುತ್ತು ತಿರುಗಿದೆನೆಂದು ಒಳಗಿನ ಸಣ್ಣದೊಂದು ಅಯಸ್ಕಾಂತದ ಸಹಾಯದಿಂದ ಎಣಿಸಿ, ಆ ಎಣಿಕೆಯಿಂದಲೇ ತೆರೆ ಎಲ್ಲಿದೆಯೆಂದು ಅದು ತಿಳಿಯಬೇಕು. ಬ್ಯಾಟರಿ ತೆಗೆದಾಗ, ಬ್ಯಾಟರಿಯ ಬಲ ಕುಗ್ಗಿದಾಗ, ಮೋಟಾರನ್ನು ಬಿಚ್ಚಿ ಹಾಕಿದಾಗ ಈ ಎಣಿಕೆ ತಪ್ಪಬಹುದು. ಹಿಂದಿನ ವಾರ ಹೊಸ ಬ್ಯಾಟರಿ ಹಾಕಿದವರು ಕಾರಿಗೆ ಅದರ ಎಣಿಕೆಯನ್ನು ಮತ್ತೆ ಕಲಿಸಿರಲಿಲ್ಲ. ಕೆಟ್ಟ ಎಣಿಕೆ, ಹಳಿಯ ಧೂಳು, ಇವೆರಡೂ ಸೇರಿ ಈ ಅವಾಂತರ. ಕಲಿಸುವ ಕ್ರಮ ಕಾರಿನ ಜೊತೆಗೆ ಕೊಡುವ ಪುಸ್ತಕದಲ್ಲಿರುತ್ತದೆ. ಪುಸ್ತಕವೇನೋ ಇತ್ತು, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ. ಐನೂರು ಪುಟದ ಇಂಗ್ಲಿಷ್. ಅವನು ಅದನ್ನು ಒಮ್ಮೆ ತಿರುವಿ, ಮಡಿಸಿ, ಹುಡುಗನ ಕೈಗೆ ಕೊಟ್ಟ. ಹುಡುಗ ಅದರಲ್ಲಿ ತಡಕಾಡುತ್ತಿದ್ದಾಗ ಹಿಂದಿನ ಆಸನದಿಂದ, ಸೀರೆಯ ಮೇಲ್ಕಟ್ಟಿನ ಕೆಳಗಿನಿಂದ ತಂಗಿ ಕೈಚಾಚಿ, “ಇಲ್ಲಿ ಕೊಡು” ಎಂದಳು.

ಅವಳು ಪುಟವನ್ನು ಹುಡುಕಿ, ತರಗತಿಯಲ್ಲಿ ಓದುವಂತೆ, ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳತೊಡಗಿದಳು. ಎಂಜಿನ್ ನಡೆಯುತ್ತಿರಲಿ. ಮುಚ್ಚುವ ಗುಂಡಿಯನ್ನು ಒತ್ತಿಯೇ ಹಿಡಿಯಿರಿ, ತೆರೆ ಪೂರ್ತಿ ಮುಂದೆ ಬರುವವರೆಗೂ ಬಿಡಬೇಡಿ. ಬಿಟ್ಟು ಮತ್ತೆ ಒತ್ತಿ ಹಿಡಿಯಿರಿ. ತೆರೆ ಒಮ್ಮೆ ಮಿಸುಕುತ್ತದೆ. ಆಮೇಲೂ ಹಿಡಿದೇ ಇರಿ. ಅದು ತಾನಾಗಿ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ಈ ಹೊತ್ತಿನಲ್ಲಿ ಬೆರಳಿನ ಎಚ್ಚರಿಕೆಯ ಏರ್ಪಾಡು ಕೆಲಸ ಮಾಡುವುದಿಲ್ಲ, ಕೈ ದೂರವಿರಲಿ. “ಅವ್ವ, ಕೊನೇದ ಇನ್ನೊಂದ್ಸಲ ಹೇಳಿ” ಎಂದ ಅವನು. ಅವಳು ಹೇಳಿದಳು. ಹೇಳಿದಂತೆ ಅವನು ಮಾಡಿದ. ತೆರೆ ಎರಡೆರಡು ಬೆರಳಾಗಿ ಕುಂಟುತ್ತ ಮುಂದೆ ಬಂತು, ಮಿಸುಕಿತು, ಒಮ್ಮೆ ಇಡಿಯಾಗಿ ಹಿಂದೆ ಹೋಗಿ ಇಡಿಯಾಗಿ ಮುಂದೆ ಬಂದು ಎದುರಿನ ಅಂಚಿಗೆ ಸದ್ದಿಲ್ಲದೆ ಕೂಡಿಕೊಂಡಿತು. ಕಾರಿನೊಳಗೆ ಮಬ್ಬು ಕವಿಯಿತು. ತಂಗಿ ಸೀರೆಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿಕೊಂಡಳು.

ಅವನು ಕೇಳಿದ್ದು 300 ರೂಪಾಯಿ. ಐನೂರು ಕೊಟ್ಟರೆ ಇನ್ನೂರನ್ನು ಹಿಂದಕ್ಕೆ ಕೊಟ್ಟ.

80,000 ಎಲ್ಲಿ, 300 ಎಲ್ಲಿ ಎಂದು ಬೆರಗಾಗುವುದು ಸುಲಭ. ಸೇವಾಕೇಂದ್ರದವನನ್ನು ಬೈಯುವುದು ಇನ್ನೂ ಸುಲಭ. ದೂರವಾಣಿಯಲ್ಲಿ ಮಾತಾಡಿದ ಆ ತರುಣ ಸುಳ್ಳು ಹೇಳಲಿಲ್ಲ ಎಂದೇ ನನ್ನ ಎಣಿಕೆ. ಅವನ ಮುಂದಿನ ಪಟ್ಟಿಯಲ್ಲಿ ‘ಪಾದ’ ಎಂಬ ವಸ್ತುವೇ ಇಲ್ಲ, ‘ಸರಿಗೆ’ ಎಂಬುದೂ ಇಲ್ಲ. ‘ಚೌಕಟ್ಟು’ ಒಂದೇ ಇದೆ. ಬಿಡಿಭಾಗವೇ ಇಲ್ಲದ ಯಂತ್ರಕ್ಕೆ ರಿಪೇರಿಯೂ ಇಲ್ಲ. ಕೆಲಸಗಾರನ ಕಿವಿ, ಅಂಗೈಗಳಿಗೆ ಅಲ್ಲಿ ಕೆಲಸವಿಲ್ಲ. ಅವನು ಪೆಟ್ಟಿಗೆ ಒಡೆದು ಹೊಸದನ್ನು ಕೂಡಿಸುವವನು ಮಾತ್ರ. ತಯಾರಕರ ಕಡೆಗೂ ಒಂದು ಮಾತಿದೆ. ಹೀಗೆ ಇಡಿಯಾಗಿ ಬದಲಿಸಿದರೆ ಕೆಲಸ ಬೇಗ ಮುಗಿಯುತ್ತದೆ, ನೀರು ಸೋರದೆಂಬ ಭರವಸೆ ಕೊಡಬಹುದು, ಯಾರು ಮಾಡಿದರೂ ಒಂದೇ ಸಮನಾಗಿರುತ್ತದೆ. ಕಾರು ಹೊಸದಾಗಿದ್ದು ಖರ್ಚು ಅವರದೇ ಆಗಿರುವ ತನಕ ಈ ವಾದವನ್ನು ಒಪ್ಪಬಹುದು. ಆ ಅವಧಿ ಮುಗಿದು ಖರ್ಚು ನಮ್ಮ ಪಾಲಿಗೆ ಬಂದ ಮೇಲೆ ಒಪ್ಪುವುದು ಕಷ್ಟ.

ಈ ವಿಷಯ ನಮ್ಮ ದೇಶದಲ್ಲಿ ನ್ಯಾಯಪೀಠದ ಮುಂದೆಯೂ ಬಂದಿದೆ. ಬಿಡಿಭಾಗಗಳನ್ನೂ, ದೋಷ ಪತ್ತೆಮಾಡುವ ಉಪಕರಣಗಳನ್ನೂ, ಕೈಪಿಡಿಗಳನ್ನೂ ಹೊರಗಿನ ರಿಪೇರಿಯವರಿಗೆ ಸಿಗದಂತೆ ಮಾಡಿದ್ದಾರೆಂಬ ದೂರನ್ನು ವಿಚಾರಿಸಿದ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳು ಮುಕ್ತ ಮಾರುಕಟ್ಟೆಯಲ್ಲಿ ದೊರೆಯಬೇಕೆಂದಿತು. ಆ ಆದೇಶ ಮೇಲಿನ ಪೀಠಗಳ ಮೆಟ್ಟಿಲನ್ನು ಹತ್ತಿತು. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನದಂದು, ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆಯಿತು. ಕೃಷಿ ಉಪಕರಣ, ದೂರವಾಣಿ, ಗೃಹೋಪಯೋಗಿ ಯಂತ್ರಗಳ ಜೊತೆಗೆ ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ಹಕ್ಕು ಎಂಬ ಮಾತು ಬಂದದ್ದು ಸಂತೋಷವೇ. ಹಂಗಳದ ಹುಣಿಸೆಮರದ ಕೆಳಗೆ ನಿಂತವನಿಗೆ ಆ ಹಕ್ಕು ತಲಪಬೇಕಾದರೆ ಎರಡು ವಸ್ತುಗಳು ಬೇಕು: ಬೆರಳುಗೆಣ್ಣಿನಷ್ಟು ದೊಡ್ಡ ಆ ಪಾದವನ್ನು ಬಿಡಿಯಾಗಿ ಮಾರುವ ಒಂದು ಅಂಗಡಿ, ಮತ್ತು ಅವನು ಓದಬಲ್ಲ ಭಾಷೆಯಲ್ಲಿ ನಾಲ್ಕು ಪುಟ. ಐನೂರು ಬೇಡ.

ಗಾಜಿನ ಚಾವಣಿಯ ಕಾರಿರುವವರಿಗೆ ಒಂದೆರಡು ಮಾತು. ಮಣ್ಣುದಾರಿಯಲ್ಲಿ ಗಾಜು ತೆರೆದು ಓಡಾಡಿದ್ದರೆ ಮನೆಗೆ ಬಂದು ಹಳಿಗಳನ್ನು ಒಣಬಟ್ಟೆಯಲ್ಲಿ ಒರಸಿಬಿಡಿ. ತೆರೆ ಹಿಂದೆ ಸರಿಯತೊಡಗಿದರೆ ಎರಡನೆಯ ಸಲಕ್ಕೇ ಗುಂಡಿಯಿಂದ ಬೆರಳು ತೆಗೆಯಿರಿ. ಹಲವು ಕಾರುಗಳಲ್ಲಿ ಒಳದೀಪದ ಮುಚ್ಚಳದ ಹಿಂದೆ ಮೋಟಾರನ್ನು ಕೈಯಿಂದಲೇ ತಿರುಗಿಸಲು ಆರು ಮೂಲೆಯ ಒಂದು ಕುಳಿಯಿರುತ್ತದೆ. ನಿಮ್ಮದರಲ್ಲಿ ಇದೆಯೇ ಎಂದು ಮನೆಯಲ್ಲಿ, ನೆರಳಿನಲ್ಲಿ, ಬಿಡುವಾಗಿರುವಾಗ ನೋಡಿಕೊಳ್ಳಿ. ಬ್ಯಾಟರಿ ಬದಲಿಸಿದ ದಿನವೇ ಕಾರಿನ ಪುಸ್ತಕ ತೆರೆದು ತೆರೆಗೆ ಅದರ ಎಣಿಕೆಯನ್ನು ಕಲಿಸಿ.

ಅಂದು ನಾವು ಹೊರಡುವ ಮುನ್ನ ಅವನು ನನ್ನನ್ನು ಕರೆದು ಎಡಗಡೆಯ ಪಾದವನ್ನು ತೋರಿಸಿದ್ದ. ಅದರ ನಾಲಗೆಯಲ್ಲಿ ಕೂದಲೆಳೆಯಂಥ ಒಂದು ಬಿರುಕು. “ಇನ್ನೊಂದೊರ್ಸ ತಡ್ಕತದ ಸಾ. ಅಷ್ಟ್ರೊಳಗ ಈ ಚೂರು ಎಲ್ಲಾರು ಸಿಕ್ರ ತನ್ನಿ, ಹಾಕ್ಕೊಡ್ತೀನಿ” ಎಂದಿದ್ದ. ಒಂದು ವರ್ಷ ಕಳೆದು ಮತ್ತೊಂದೂ ಕಳೆಯಿತು. ಬಿರುಕು ಅಷ್ಟೇ ಇದೆ, ತೆರೆ ನಡೆಯುತ್ತಿದೆ, ತಂಗಿ ಗೂಡಲೂರಿಗೆ ಹೋಗಿಬರುತ್ತಿದ್ದಾಳೆ. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ನಾನು ವಿಚಾರಿಸಿದ ಅಂಗಡಿಗಳಲ್ಲಿ ಆ ಚೂರು ಬಿಡಿಯಾಗಿ ಸಿಕ್ಕಿಲ್ಲ. ಕರಿಯ ನೈಲಾನಿನದು, ಉದ್ದ ಮೂರು ಸೆಂಟಿಮೀಟರು, ಒಂದು ಬದಿಗೆ ನಾಲಗೆ, ಇನ್ನೊಂದು ಬದಿಗೆ ಸರಿಗೆಯನ್ನು ಸಿಕ್ಕಿಸುವ ಕುಳಿ. ಅದರ ಅಳತೆಯ ಚೀಟಿ ನನ್ನ ಜೇಬಿನಲ್ಲಿಯೇ ಇದೆ.